ಮುಪ್ಪಿನ ಕಣ್ಣೂ ನೀಲಿಯ ಬಣ್ಣವೂ

ಆಳಂದ ತಾಲ್ಲೂಕಿನ ನಿಂಬರ್ಗಾ ಗ್ರಾಮದಲ್ಲಿರುವ ನನ್ನ ದೊಡ್ಡಪ್ಪನವರಿಗೆ ಈಗ ಎಪ್ಪತ್ತನಾಲ್ಕು ವರ್ಷ ವಯಸ್ಸು. ಅವರು ಶಾಲೆಯಲ್ಲಿ ಚಿತ್ರಕಲೆಯ ಮಾಸ್ತರರಾಗಿದ್ದವರು. ರಜೆಯ ದಿನಗಳಲ್ಲಿ ನಾಟಕದ ಪರದೆಗಳನ್ನೂ ಊರಿನ ಹಿರಿಯರ ಭಾವಚಿತ್ರಗಳನ್ನೂ ಬರೆದುಕೊಡುತ್ತಿದ್ದರು. ಕಲಬುರಗಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಚಲನಚಿತ್ರಗಳ ಭಿತ್ತಿಪತ್ರಗಳಿಂದಲೂ ಪುರಾಣದೃಶ್ಯಗಳಿಂದಲೂ ಹೆಸರು ಗಳಿಸಿದ ಎಸ್. ಎಂ. ಪಂಡಿತರ (೧೯೧೬-೧೯೯೩) ಚಿತ್ರಗಳ ಅಚ್ಚಿನ ಪ್ರತಿಗಳನ್ನು ಮುಂದಿಟ್ಟುಕೊಂಡು ಅವರು ತಮ್ಮ ಕೈಯನ್ನು ತಿದ್ದಿಕೊಂಡಿದ್ದರು.

ಆರು ವರ್ಷಗಳ ಹಿಂದೆ ಅವರು ಕುಂಚವನ್ನು ಕೆಳಗಿಟ್ಟರು. ಕಾರಣ ಕೇಳಿದವರಿಗೆ “ಕೈ ಹೋಯಿತು” ಎಂದರು. ಮನೆಯವರೆಲ್ಲರೂ ಅದನ್ನು ನಂಬಿದರು. ಭೌತವಿಜ್ಞಾನವನ್ನು ಬೋಧಿಸುವ ನಾನೂ ನಂಬಿದೆ. ವಯಸ್ಸಾದವರ ಕೈ ನಡುಗುವುದು ಸಹಜವಲ್ಲವೆ?

ಕಳೆದ ವರ್ಷ ದೊಡ್ಡಮ್ಮನವರು ತೀರಿಕೊಂಡರು. ಆಮೇಲೆ ದೀಪಾವಳಿಯ ಸುಮಾರಿಗೆ, ಯಾರೂ ಹೇಳದೆಯೇ, ದೊಡ್ಡಪ್ಪನವರು ಅಟ್ಟದ ಮೇಲಿದ್ದ ಕ್ಯಾನ್ವಾಸನ್ನು ಇಳಿಸಿಕೊಂಡು ಕಿಟಕಿಯ ಬಳಿ ಕುಳಿತರು. ಬರೆಯಬೇಕೆಂದುಕೊಂಡದ್ದು ದೊಡ್ಡಮ್ಮನವರ ಚಿತ್ರವನ್ನು. ಅವರು ಹಬ್ಬಗಳಲ್ಲಿ ಉಡುತ್ತಿದ್ದ, ಕೆಂಪು ಸೆರಗಿನ ಗಾಢನೀಲಿ ಇಳಕಲ್ ಸೀರೆಯನ್ನು ಸೊಸೆ ಪೆಟ್ಟಿಗೆಯಿಂದ ತೆಗೆದು ಎದುರಿಗೆ ಹರಡಿಟ್ಟಳು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳು ಬಣ್ಣ ಕಲಸಿಕೊಡಲು ಪಕ್ಕದಲ್ಲಿ ಕುಳಿತಳು. ಒಂದು ವಾರದಲ್ಲಿ ಮುಖ ಮೂಡಿತು; ಸೆರಗು ಕೆಂಪಾಗಿ ಬಂದಿತು. ಸೀರೆಯ ಒಡಲು ಮಾತ್ರ ಇದ್ದಿಲಿನಂತೆ ಕಪ್ಪಾಯಿತು.

“ಮುತ್ಯಾ, ಸೀರಿ ನೀಲಿ ಅದ. ನೀ ಕರೀ ಬಣ್ಣ ಹಚ್ಚೀದಿ,” ಎಂದಳು ಹುಡುಗಿ.

“ಸೀರಿ ಹ್ಯಾಂಗದನೋ ಹಾಂಗೇ ಬರ್ದೀನಿ,” ಎಂದರು ಅವರು. ಆದರೆ ಕುಂಚವನ್ನು ತೊಳೆದಿಟ್ಟು ಎದ್ದುಹೋದವರು ಮೂರು ದಿನ ಆ ಕಿಟಕಿಯ ಕಡೆಗೆ ಸುಳಿಯಲಿಲ್ಲ.

ನಾನು ಊರಿಗೆ ಹೋದಾಗ ಹುಡುಗಿ ನನ್ನನ್ನು ಅಂಗಳಕ್ಕೆ ಕರೆದೊಯ್ದು ಒಂದು ಪ್ರಶ್ನೆ ಕೇಳಿದಳು. ಮುತ್ಯಾನ ಕಣ್ಣಿಗೆ ಪೊರೆ ಬಂದಿರಬಹುದೆಂದು ಅವಳ ಊಹೆ. ಆದರೆ ಅವಳನ್ನು ಕಾಡಿದ ತೊಡಕು ಬೇರೆ. “ಕಾಕಾ, ಸೀರೆಯನ್ನು ನೋಡುವುದೂ ಅದೇ ಕಣ್ಣು, ಚಿತ್ರವನ್ನು ನೋಡುವುದೂ ಅದೇ ಕಣ್ಣು. ಕಣ್ಣು ಎರಡನ್ನೂ ಒಂದೇ ಬಗೆಯಲ್ಲಿ ಕೆಡಿಸಿದರೆ, ಎರಡನ್ನೂ ಹೊಂದಿಸುತ್ತ ಹೋದವರ ಚಿತ್ರ ಕೊನೆಗೆ ಸರಿಯಾಗಿಯೇ ಬರಬೇಕಲ್ಲವೆ?”

ವಾಚಕರು ಇಲ್ಲಿ ಒಂದು ಗಳಿಗೆ ನಿಂತು ಯೋಚಿಸಬೇಕೆಂದು ನನ್ನ ಬಿನ್ನಹ. ಇದು ಕಲೆಯ ಇತಿಹಾಸದಲ್ಲಿ ದೊಡ್ಡವರೇ ಎಡವಿರುವ ಪ್ರಶ್ನೆ. ಸ್ಪೇನಿನಲ್ಲಿ ಬಾಳಿದ ಎಲ್ ಗ್ರೆಕೊ (೧೫೪೧-೧೬೧೪) ಎಂಬ ಚಿತ್ರಕಾರ ಬರೆದ ಮನುಷ್ಯಾಕೃತಿಗಳು ಅಸಹಜವಾಗಿ ನೀಳವಾಗಿವೆ. ಅವನ ಕಣ್ಣಿನ ದೋಷದಿಂದ ಜಗತ್ತೇ ಅವನಿಗೆ ನೀಳವಾಗಿ ಕಾಣುತ್ತಿದ್ದಿರಬೇಕೆಂದು ಕೆಲವರು ವಾದಿಸಿದರು. ಈ ವಾದ ನಿಲ್ಲದು. ಕಣ್ಣು ಮನುಷ್ಯನನ್ನು ಹೇಗೆ ಎಳೆಯಿತೋ ಚಿತ್ರವನ್ನೂ ಹಾಗೆಯೇ ಎಳೆಯುತ್ತದೆ; ಎರಡೂ ಒಂದಕ್ಕೊಂದು ಹೊಂದುವಂತೆ ಬರೆದ ಚಿತ್ರ ಉಳಿದವರ ಕಣ್ಣಿಗೆ ಸರಿಯಾಗಿಯೇ ಕಾಣಬೇಕು. ಎಂದರೆ, ಆಕಾರದ ಮಟ್ಟಿಗೆ ಹುಡುಗಿಯ ತರ್ಕ ಸರಿ. ಹಾಗಾದರೆ ಬಣ್ಣದಲ್ಲಿ ಅದೇಕೆ ಸೋತಿತು? ಉತ್ತರಕ್ಕಾಗಿ ಕಣ್ಣಿನ ಒಳಗೆ ಹೋಗಬೇಕು.

ಕಣ್ಣೊಳಗಿನ ಮಸೂರ

ಹೊರಗಿನಿಂದ ಬರುವ ಬೆಳಕನ್ನು ಬಾಗಿಸಿ ಅಕ್ಷಿಪಟಲದ ಮೇಲೆ ಬಿಂಬವನ್ನು ಮೂಡಿಸುವ ಕೆಲಸವನ್ನು ಎರಡು ಅಂಗಗಳು ಹಂಚಿಕೊಂಡಿವೆ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವು ಸುಮಾರು ೪೩ ಡಯಾಪ್ಟರುಗಳಷ್ಟು ಶಕ್ತಿಯನ್ನೂ, ಪಾಪೆಯ ಹಿಂದಿರುವ ಮಸೂರವು ಸುಮಾರು ೨೦ ಡಯಾಪ್ಟರುಗಳಷ್ಟು ಶಕ್ತಿಯನ್ನೂ ಪಡೆದಿವೆ. ಈ ಮಸೂರ ಒಂದು ದಪ್ಪ ಬೇಳೆಯ ಆಕಾರದ್ದು. ಅಡ್ಡಳತೆ ಸುಮಾರು ೯ ಮಿಲಿಮೀಟರ್. ಎಳೆಯರಲ್ಲಿ ಅದು ಮೃದುವಾಗಿದ್ದು, ಹತ್ತಿರದ ವಸ್ತುವನ್ನು ನೋಡುವಾಗ ಉಬ್ಬಿಕೊಳ್ಳುತ್ತದೆ. ವಯಸ್ಸಾದಂತೆ ಬಿರುಸಾಗುತ್ತದೆ. ಇಪ್ಪತ್ತರ ತರುಣ ೧೦ ಸೆಂಟಿಮೀಟರ್ ದೂರದ ಅಕ್ಷರವನ್ನು ಓದಬಲ್ಲ. ಅರುವತ್ತರ ಹಿರಿಯರು ಕನ್ನಡಕವಿಲ್ಲದೆ ಓದಬೇಕಾದರೆ ಪುಸ್ತಕವನ್ನು ಸುಮಾರು ಒಂದು ಮೀಟರ್ ದೂರ ಹಿಡಿಯಬೇಕಾದೀತು. ನಾಲ್ವತ್ತರ ಆಸುಪಾಸಿನಲ್ಲಿ ತಲೆದೋರುವ ಈ ತೊಂದರೆಯನ್ನೇ ನಮ್ಮ ಜನ ಚಾಳೀಸು ಎನ್ನುವರು.

ಮಸೂರದ ಇನ್ನೊಂದು ವಿಶೇಷವೆಂದರೆ ಅದರಲ್ಲಿ ರಕ್ತನಾಳಗಳಿಲ್ಲ. ಚರ್ಮದ ಜೀವಕಣಗಳು ಉದುರಿ ಹೊಸವು ಹುಟ್ಟುತ್ತವೆ. ಮಸೂರದ ಕಣಗಳು ಉದುರುವುದಿಲ್ಲ. ಹೊಸ ಪದರಗಳು ಹೊರಗಡೆ ಸೇರುತ್ತ ಹೋಗುತ್ತವೆ, ಹಳೆಯವು ಒಳಗೇ ಉಳಿಯುತ್ತವೆ. ಆದುದರಿಂದ ಮಸೂರದ ನಡುಭಾಗದ ಪ್ರೋಟೀನುಗಳು ನಾವು ತಾಯಿಯ ಗರ್ಭದಲ್ಲಿದ್ದಾಗಲೇ ಸಿದ್ಧವಾದವು. ಕಣ್ಣಿನ ಯಾವ ಭಾಗದ ಮೂಲಕ ದಿನದಿನವೂ ಹೊಸ ನೋಟವನ್ನು ನೋಡುವೆವೋ ಅದು ನಮ್ಮಷ್ಟೇ ಹಳೆಯದು!

ಎಪ್ಪತ್ತು ವರ್ಷ ಬೆಳಕನ್ನು, ಅದರಲ್ಲಿಯೂ ಅತಿನೇರಳೆ ಕಿರಣಗಳನ್ನು, ಹಾಯಿಸಿಕೊಂಡ ಈ ಪ್ರೋಟೀನುಗಳಲ್ಲಿ ಎರಡು ಬಗೆಯ ಬದಲಾವಣೆಗಳು ಆಗುತ್ತವೆ.

ಮೊದಲನೆಯದು, ಅವು ಒಂದಕ್ಕೊಂದು ಅಂಟಿಕೊಂಡು ಗಂಟುಕಟ್ಟುತ್ತವೆ. ಹಸಿ ಮೊಟ್ಟೆಯ ಲೋಳೆ ಪಾರದರ್ಶಕ, ಬೇಯಿಸಿದೊಡನೆ ಬೆಳ್ಳಗಾಗುತ್ತದೆ. ಅಲ್ಲಿ ಹೊಸ ವಸ್ತುವೇನೂ ಸೇರಿಲ್ಲ. ಇದ್ದ ಪ್ರೋಟೀನುಗಳೇ ಗಂಟುಗಂಟಾಗಿ ಬೆಳಕನ್ನು ಚದರಿಸುತ್ತವೆ. ಕಣ್ಣಿನ ಮಸೂರದಲ್ಲಿ ಹೀಗಾದಾಗ ನೋಟಕ್ಕೆ ಮಂಜು ಕವಿಯುತ್ತದೆ. ಸಂಜೆ ಕಲಬುರಗಿಯಿಂದ ಆಳಂದಕ್ಕೆ ಹೊರಟ ಬಸ್ಸಿನ ಮುಂದಿನ ಗಾಜನ್ನು ನೆನೆಯಿರಿ. ಗಾಜಿನ ಮೇಲಿನ ಧೂಳು ಬೆಳಗ್ಗೆ ಕಣ್ಣಿಗೆ ಬಿದ್ದಿರುವುದಿಲ್ಲ. ಇಳಿಹೊತ್ತಿನ ಸೂರ್ಯ ಎದುರಾದಾಗ ಅದೇ ಧೂಳು ಬೆಳಕನ್ನು ಎಲ್ಲ ಕಡೆಗೂ ಚೆಲ್ಲಿ, ರಸ್ತೆಯೇ ಕಾಣದಂತೆ ಮಾಡುತ್ತದೆ. ಪೊರೆ ಬಂದವರು ಬಿಸಿಲಿಗೆ ಮುಖ ತಿರುಗಿಸುವುದು ಇದಕ್ಕಾಗಿಯೇ.

ಎರಡನೆಯದು, ಪ್ರೋಟೀನುಗಳು ಬಣ್ಣಗೂಡುತ್ತವೆ. ಕಬ್ಬಿನ ರಸ ಕಾಯುತ್ತ ಕಾಯುತ್ತ ಹೊಂಬಣ್ಣಕ್ಕೂ, ಬಳಿಕ ಕಂದುಬಣ್ಣಕ್ಕೂ ತಿರುಗುವುದನ್ನು ಆಲೆಮನೆಯಲ್ಲಿ ನೋಡಿದ್ದೀರಷ್ಟೆ. ಮಸೂರವೂ ವರ್ಷ ಕಳೆದಂತೆ ತಿಳಿಹಳದಿ, ಹಳದಿ, ಕಂದು ಎಂದು ಬದಲಾಗುತ್ತದೆ. ಹಳದಿ ಗಾಜು ಯಾವುದನ್ನು ತಡೆಯುತ್ತದೆ? ರೋಹಿತದ ಕೆಂಪು ತುದಿಯ ಬೆಳಕು, ಎಂದರೆ ಸುಮಾರು ೬೫೦ ನ್ಯಾನೋಮೀಟರ್ ತರಂಗದೂರದ್ದು, ಅದರಲ್ಲಿ ಸುಲಭವಾಗಿ ಹಾಯ್ದುಹೋಗುತ್ತದೆ. ೪೫೦ ನ್ಯಾನೋಮೀಟರಿನ ಆಸುಪಾಸಿನ ನೀಲಿ ಬೆಳಕು ಅಲ್ಲಿಯೇ ಹೀರಲ್ಪಡುತ್ತದೆ. ಇದರ ಮೇಲೆ ಪಾಪೆಯೂ ಮುಪ್ಪಿನಲ್ಲಿ ಕಿರಿದಾಗುತ್ತದೆ. ಪೊರೆ ಇಲ್ಲದ ಅರುವತ್ತರ ಕಣ್ಣಿನಲ್ಲಿಯೂ ಅಕ್ಷಿಪಟಲವನ್ನು ಮುಟ್ಟುವ ಬೆಳಕು ಇಪ್ಪತ್ತರ ಕಣ್ಣಿನಲ್ಲಿ ಮುಟ್ಟುವುದರ ಸುಮಾರು ಮೂರನೆಯ ಒಂದು ಪಾಲು ಮಾತ್ರ.

ಇಷ್ಟೆಲ್ಲ ಆದರೂ ಹಿರಿಯರು ದೂರುವುದಿಲ್ಲವೇಕೆ? ಈ ಬದಲಾವಣೆ ಬಹಳ ನಿಧಾನವಾದುದು. ಮಿದುಳು ಬಹಳ ಚತುರವಾದುದು. ಧೋತರ ಬಿಳಿಯದು, ಕಾಗದ ಬಿಳಿಯದು ಎಂದು ಅದಕ್ಕೆ ಗೊತ್ತು. ಅವು ಹಳದಿಯಾಗಿ ಕಂಡಷ್ಟೂ ತನ್ನ ಲೆಕ್ಕವನ್ನು ತಿದ್ದಿಕೊಂಡು ಅವನ್ನು ಬಿಳಿಯೆಂದೇ ತೋರಿಸುತ್ತದೆ. ಕಣ್ಣಿನ ನಷ್ಟವನ್ನು ಮಿದುಳು ಹೀಗೆ ಮುಚ್ಚಿಹಾಕುವುದರಿಂದ ನಷ್ಟವಾದವರಿಗೇ ಅದು ತಿಳಿಯುವುದಿಲ್ಲ.

ಸೊನ್ನೆಯಿಂದ ಗುಣಿಸಿದಾಗ

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಅವಳು ಹೇಳಿದುದನ್ನು ಬೀಜಗಣಿತದ ಮಾತಿನಲ್ಲಿ ಹೀಗೆ ಇಡಬಹುದು: ಸಮೀಕರಣದ ಎರಡೂ ಬದಿಗಳನ್ನು ಒಂದೇ ಸಂಖ್ಯೆಯಿಂದ ಗುಣಿಸಿದರೆ ಸಮತೆ ಕೆಡುವುದಿಲ್ಲ. ಸಮವಲ್ಲದ ಎರಡು ಸಂಖ್ಯೆಗಳನ್ನು ಹಾಗೆ ಗುಣಿಸಿದರೂ ಅವು ಸಮವಾಗುವುದಿಲ್ಲ. ಇದು ನಿಜ, ಆದರೆ ಒಂದು ಸಂಖ್ಯೆಯ ಹೊರತು. ಆ ಸಂಖ್ಯೆ ಸೊನ್ನೆ. ಮೂರೂ ಐದೂ ಸಮವಲ್ಲ. ಸೊನ್ನೆಯಿಂದ ಗುಣಿಸಿದ ಮೂರೂ ಸೊನ್ನೆಯಿಂದ ಗುಣಿಸಿದ ಐದೂ ಸಮ!

ಬಲಿತ ಪೊರೆ ನೀಲಿ ಬೆಳಕನ್ನು ಹೆಚ್ಚುಕಡಿಮೆ ಸೊನ್ನೆಯಿಂದ ಗುಣಿಸುತ್ತದೆ. ಗಾಢನೀಲಿ ಸೀರೆ ಕಳಿಸುವುದು ಸ್ವಲ್ಪವೇ ಬೆಳಕು, ಅದೂ ನೀಲಿಯದು. ಅದನ್ನು ಮಸೂರ ನುಂಗಿದ ಮೇಲೆ ಅಕ್ಷಿಪಟಲಕ್ಕೆ ಏನೂ ತಲಪುವುದಿಲ್ಲ. ಕಪ್ಪು ಬಣ್ಣವೂ ಏನನ್ನೂ ಕಳಿಸುವುದಿಲ್ಲ. ಎರಡೂ ಆ ಕಣ್ಣಿಗೆ ಒಂದೇ. ದೊಡ್ಡಪ್ಪನವರು ಕಂಡುದನ್ನು ಕಂಡಂತೆಯೇ, ಪ್ರಾಮಾಣಿಕವಾಗಿ ಬರೆದಿದ್ದರು. ಸೆರಗಿನ ಕೆಂಪಿಗೆ ಈ ಆಪತ್ತು ಬರಲಿಲ್ಲವೇಕೆಂಬುದನ್ನೂ ವಾಚಕರು ಈಗ ತಾವೇ ಹೇಳಬಲ್ಲರು.

ನಾನು ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಹುಡುಗಿ ಕೇಳಿದ ಮರುಪ್ರಶ್ನೆ ನನ್ನನ್ನು ಸುಮ್ಮನಾಗಿಸಿತು. “ಹಾಗಾದರೆ ಕೈ ಹೋಗಿಯೇ ಇರಲಿಲ್ಲ?”

ಹೋಗಿರಲಿಲ್ಲ. ಆಕಾರದ ತಪ್ಪು ಛೇದಿಸಿಹೋಗುತ್ತದೆಂದು ಆಗಲೇ ಕಂಡೆವಲ್ಲ. ಕ್ಯಾನ್ವಾಸಿನ ಮೇಲಿನ ಮುಖ ದೊಡ್ಡಮ್ಮನವರದೇ ಆಗಿತ್ತು, ಗದ್ದದ ಹಚ್ಚೆಯ ಸಹಿತ. ಕಣ್ಣು ಮಾಡಿದ ತಪ್ಪನ್ನು ಅವರು ಕೈಯ ಮೇಲೆ ಹೊರಿಸಿ ಐದು ವರ್ಷ ಸುಮ್ಮನೆ ಕುಳಿತಿದ್ದರು. ಆ ಐದು ವರ್ಷಗಳಲ್ಲಿ ದೊಡ್ಡಮ್ಮ ಬದುಕಿದ್ದರು. ಅದೇ ಕಿಟಕಿಯ ಬಳಿ ಕುಳಿತು ಕಾಳು ಆರಿಸುತ್ತಿದ್ದರು.

ಜಿವೆರ್ನಿಯ ವೃದ್ಧ

ಇಂತಹ ವಿಪತ್ತು ಜಗತ್ಪ್ರಸಿದ್ಧನಾದ ಒಬ್ಬ ಚಿತ್ರಕಾರನಿಗೂ ಬಂದಿತ್ತು. ಫ್ರಾನ್ಸಿನ ಕ್ಲೋದ್ ಮೊನೆ (೧೮೪೦-೧೯೨೬) ಪ್ಯಾರಿಸ್ಸಿನ ವಾಯವ್ಯಕ್ಕಿರುವ ಜಿವೆರ್ನಿ ಗ್ರಾಮದಲ್ಲಿ ಕೊಳವೊಂದನ್ನು ನಿರ್ಮಿಸಿ, ಅದರ ನೈದಿಲೆಗಳನ್ನು ವರ್ಷಗಟ್ಟಲೆ ಬರೆದವನು. ೧೯೧೧ರಲ್ಲಿ ಹೆಂಡತಿ ಆಲಿಸ್ ತೀರಿಕೊಂಡಳು. ೧೯೧೨ರಲ್ಲಿ ಎರಡು ಕಣ್ಣುಗಳಲ್ಲಿಯೂ ಪೊರೆಯಿದೆಯೆಂದು ವೈದ್ಯರು ಹೇಳಿದರು. ೧೯೧೪ರಲ್ಲಿ ಹಿರಿಯ ಮಗ ಝಾನ್ ತೀರಿಕೊಂಡನು. ಮೊನೆ ಕುಂಚವನ್ನು ಮುಟ್ಟುವುದನ್ನೇ ಬಿಟ್ಟಂತಾಗಿತ್ತು.

ಆಗ ಅವನ ಬಳಿ ಬಂದು ನಿಂತವಳು ಬ್ಲಾಂಶ್. ಅವಳು ಆಲಿಸ್‌ಳ ಮೊದಲ ಮದುವೆಯ ಮಗಳು. ಝಾನನ ಹೆಂಡತಿಯೂ ಹೌದು. ಹೀಗೆ ಮೊನೆಗೆ ಮಗಳೂ ಸೊಸೆಯೂ ಆಗಿದ್ದ ಅವಳು ತಾನೇ ಚಿತ್ರಕಾರಳು. ಅವಳ ಉಪಚಾರದಿಂದಲೂ, ವೈದ್ಯಶಿಕ್ಷಣ ಪಡೆದು ಮುಂದೆ ದೇಶದ ಪ್ರಧಾನಿಯಾಗಿಯೂ ಹೆಸರಾದ ಗೆಳೆಯ ಕ್ಲೆಮಾನ್ಸೊನ ಒತ್ತಾಯದಿಂದಲೂ ಮೊನೆ ಮತ್ತೆ ಕ್ಯಾನ್ವಾಸಿನ ಮುಂದೆ ನಿಂತು, ಸುಮಾರು ಎರಡು ಮೀಟರ್ ಎತ್ತರದ ನೈದಿಲೆಯ ಚಿತ್ರಮಾಲೆಯನ್ನು ಆರಂಭಿಸಿದನು.

ಪೊರೆ ಮಾತ್ರ ಬಲಿಯುತ್ತಲೇ ಹೋಯಿತು. ಬಣ್ಣದ ಕೊಳವೆಗಳ ಮೇಲಿನ ಹೆಸರನ್ನು ಓದಿ, ಹಲಗೆಯ ಮೇಲೆ ಬಣ್ಣಗಳನ್ನು ಯಾವಾಗಲೂ ಒಂದೇ ಕ್ರಮದಲ್ಲಿ ಇಟ್ಟು, ಅವನು ಅಭ್ಯಾಸಬಲದಿಂದ ಬರೆಯಲಾರಂಭಿಸಿದನು. ಈ ಕಾಲದ ಕೆಲವು ಸೇತುವೆಯ ಚಿತ್ರಗಳಲ್ಲಿ ಹಿಂದಿನ ನೀಲಿ ಹಸಿರುಗಳು ಮಾಯವಾಗಿ ಕೆಂಪು ಕಂದುಗಳು ಉರಿಯುತ್ತವೆ. ಅದೆಲ್ಲವೂ ಪೊರೆಯದೇ ಕೆಲಸವೆನ್ನಲಾಗದು; ಚಿತ್ರಕಾರನ ಇಚ್ಛೆಯೂ ಅಲ್ಲಿ ಸೇರಿರಬಹುದು. ಆದರೆ ೧೯೨೨ರ ಹೊತ್ತಿಗೆ ಅವನ ಬಲಗಣ್ಣು ಬೆಳಕಿನ ಇರವನ್ನು ಮಾತ್ರ ಅರಿಯುತ್ತಿತ್ತೆಂಬುದೂ, ಎಡಗಣ್ಣಿನ ದೃಷ್ಟಿ ಹತ್ತರಲ್ಲೊಂದು ಪಾಲಿಗೆ ಇಳಿದಿತ್ತೆಂಬುದೂ ವೈದ್ಯನು ಅಳೆದು ಬರೆದ ಸಂಗತಿಗಳು.

ಶಸ್ತ್ರಚಿಕಿತ್ಸೆಗೆ ಮೊನೆ ಅಂಜುತ್ತಿದ್ದುದು ನಿಷ್ಕಾರಣವಾಗಿರಲಿಲ್ಲ. ಮೇರಿ ಕಸಾಟ್ ಎಂಬ ಚಿತ್ರಕರ್ತಿಗೆ ಅದೇ ಚಿಕಿತ್ಸೆ ಕೈಗೂಡದೆ ಹೋಗಿತ್ತು. ಮುಂದೆ ಶಾಂತಿನಿಕೇತನದ ವಿನೋದವಿಹಾರಿ ಮುಖರ್ಜಿಯವರೂ ಪೊರೆಯ ಚಿಕಿತ್ಸೆ ವಿಫಲವಾಗಿ ದೃಷ್ಟಿಯನ್ನು ಪೂರ್ಣವಾಗಿ ಕಳೆದುಕೊಂಡರು. ಆದರೂ ಕ್ಲೆಮಾನ್ಸೊನ ಮಾತು ಗೆದ್ದಿತು. ೧೯೨೩ರಲ್ಲಿ ಡಾಕ್ಟರ್ ಕೂತೆಲಾ ಎಂಬವರು ಮೊನೆಯ ಬಲಗಣ್ಣಿಗೆ ಹಂತಹಂತವಾಗಿ ಚಿಕಿತ್ಸೆ ನಡೆಸಿದರು. ಕಣ್ಣು ಕಟ್ಟಿಸಿಕೊಂಡು, ತಲೆ ಅಲುಗಿಸದೆ ದಿನಗಟ್ಟಲೆ ಮಲಗಬೇಕಾಯಿತು. ರೇಗಿ ಕಟ್ಟನ್ನು ಕೀಳಹೋಗುತ್ತಿದ್ದ ವೃದ್ಧನನ್ನು ಆರೈಕೆ ಮಾಡಿದವಳು ಬ್ಲಾಂಶ್.

ಕಟ್ಟು ಬಿಚ್ಚಿದ ಮೇಲೆ ಹೊಸ ಗೋಳು ಆರಂಭವಾಯಿತು. ಮಸೂರವನ್ನು ತೆಗೆದ ಕಣ್ಣಿಗೆ ೧೦ ಡಯಾಪ್ಟರಿಗೂ ಮೇಲ್ಪಟ್ಟ ದಪ್ಪ ಗಾಜು ಬೇಕು. ಕಣ್ಣಿನಿಂದ ದೂರದಲ್ಲಿ, ಮೂಗಿನ ಮೇಲೆ ಕುಳಿತ ಆ ಗಾಜು ಬಿಂಬವನ್ನು ನಾಲ್ಕನೆಯ ಒಂದು ಪಾಲಿನಷ್ಟು ಹಿಗ್ಗಿಸುತ್ತದೆ. ಒಂದು ಕಣ್ಣಿನಲ್ಲಿ ದೊಡ್ಡ ಬಿಂಬ, ಇನ್ನೊಂದರಲ್ಲಿ ಸಣ್ಣದು. ಎರಡನ್ನೂ ಮಿದುಳು ಜೋಡಿಸಲಾರದು. ಬಣ್ಣಗಳೋ, ಮೊದಲು ಎಲ್ಲವೂ ಹಳದಿಯೆಂದೂ ಬಳಿಕ ಎಲ್ಲವೂ ನೀಲಿಯೆಂದೂ ಅವನು ದೂರಿದನು. ವರ್ಷಗಳ ಕಾಲ ಹಳದಿಗೆ ಸರಿದೂಗಿಸಿಕೊಂಡಿದ್ದ ಮಿದುಳು ತನ್ನ ತೂಕವನ್ನು ಒಮ್ಮೆಗೇ ತೆಗೆಯಲಾರದಷ್ಟೆ. ಬಣ್ಣ ಹಾಕಿದ ಗಾಜುಗಳನ್ನು ಪ್ರಯೋಗಿಸಿ, ಒಂದು ಕಣ್ಣನ್ನು ಮುಚ್ಚಿ, ೧೯೨೫ರ ಹೊತ್ತಿಗೆ ಅವನು ಒಂದು ನೆಲೆಗೆ ಬಂದನು. ಹಳೆಯ ಕೆಲವು ಚಿತ್ರಗಳನ್ನು ತಿದ್ದಿದನು, ಕೆಲವನ್ನು ನಾಶಮಾಡಿದನು. ಆ ದೊಡ್ಡ ಚಿತ್ರಮಾಲೆ ಅವನು ಗತಿಸಿದ ಮರುವರ್ಷ, ೧೯೨೭ರ ಮೇ ತಿಂಗಳಲ್ಲಿ, ಪ್ಯಾರಿಸ್ಸಿನ ಓರಾಂಜರಿಯ ಎರಡು ಅಂಡಾಕಾರದ ಕೋಣೆಗಳಲ್ಲಿ ಜನರಿಗೆ ತೆರೆಯಿತು.

ಗಾಜು ಕಣ್ಣೊಳಗೆ ಸೇರಿತು

ಪೊರೆಯ ಚಿಕಿತ್ಸೆ ನಮ್ಮ ದೇಶಕ್ಕೆ ಹೊಸದಲ್ಲ. ಮಸುಕಾದ ಮಸೂರವನ್ನು ಸೂಜಿಯಿಂದ ಪಕ್ಕಕ್ಕೆ ಸರಿಸುವ ಕ್ರಮವನ್ನು ಸುಶ್ರುತಸಂಹಿತೆ ವರ್ಣಿಸಿದೆ. ಮಸೂರವನ್ನು ಹೊರತೆಗೆಯುವ ಕ್ರಮ ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ದಾವಿಯೆಲ್‌ನಿಂದ ರೂಢಿಗೆ ಬಂದಿತು. ಕರ್ನಾಟಕದಲ್ಲಿ ಈ ಚಿಕಿತ್ಸೆಯನ್ನು ಹಳ್ಳಿಯ ಬಡವರ ಬಾಗಿಲಿಗೆ ಒಯ್ದವರು ಡಾ. ಎಂ. ಸಿ. ಮೋದಿಯವರು. ಊರೂರುಗಳಲ್ಲಿ ಶಿಬಿರ ಹೂಡಿದ ಅವರು ಒಂದೇ ದಿನದಲ್ಲಿ ೮೩೩ ಪೊರೆಗಳನ್ನು ತೆಗೆದುದು ಗಿನ್ನೆಸ್ ದಾಖಲೆಗಳ ಪುಸ್ತಕವನ್ನು ಸೇರಿದೆ. ೧೯೬೮ರಲ್ಲಿ ಅವರಿಗೆ ಪದ್ಮಭೂಷಣ ದೊರೆಯಿತು. ಆ ಕಾಲದ ರೋಗಿಗಳಿಗೂ ಮೊನೆಗೆ ದೊರೆತಂಥ ದಪ್ಪ ಗಾಜಿನ ಚಸ್ಮಾವೇ ಗತಿಯಾಗಿತ್ತು.

ಆ ಗಾಜನ್ನು ಮೂಗಿನ ಮೇಲಿನಿಂದ ಕಣ್ಣಿನೊಳಕ್ಕೆ ಸಾಗಿಸಿದವರು ಇಂಗ್ಲೆಂಡಿನ ಹೆರಾಲ್ಡ್ ರಿಡ್ಲಿ. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಮುಚ್ಚಳ ಒಡೆದು ಅದರ ಪ್ಲಾಸ್ಟಿಕ್ ಚೂರುಗಳು ಚಾಲಕರ ಕಣ್ಣಿಗೆ ಹೊಕ್ಕಾಗ, ಕಣ್ಣು ಆ ಚೂರುಗಳನ್ನು ಸಹಿಸಿಕೊಂಡಿದ್ದನ್ನು ಅವರು ಗಮನಿಸಿದ್ದರು. ಅದೇ ಜಾತಿಯ ಪ್ಲಾಸ್ಟಿಕ್ಕಿನಿಂದ ಮಾಡಿದ ಮಸೂರವನ್ನು ಕಣ್ಣೊಳಗೆ ಇಡುವ ಚಿಕಿತ್ಸೆಯನ್ನು ೧೯೪೯ರ ನವೆಂಬರ್ ೨೯ರಂದು ಲಂಡನ್ನಿನಲ್ಲಿ ಆರಂಭಿಸಿದರು. ಮಸೂರ ಹುಟ್ಟಿನ ಸ್ಥಾನದಲ್ಲಿಯೇ ಕುಳಿತರೆ ಬಿಂಬ ಹಿಗ್ಗುವ ಕಾಟವಿಲ್ಲ. ೧೯೬೭ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಶ್ರವಣಾತೀತ ಕಂಪನಗಳಿಂದ ಪೊರೆಯನ್ನು ಒಳಗೇ ಪುಡಿಮಾಡಿ ಹೀರುವ ಉಪಾಯವನ್ನು ತಂದರು. ಇಂದು ಎರಡು ಮೂರು ಮಿಲಿಮೀಟರಿನ ಸೀಳಿನಲ್ಲಿ ಮಡಿಸಿದ ಮಸೂರವನ್ನು ತೂರಿಸುವರು. ರೋಗಿ ಸಾಮಾನ್ಯವಾಗಿ ಅಂದೇ ಮನೆಗೆ ಮರಳುವನು.

ದೊಡ್ಡಪ್ಪನವರ ಬಲಗಣ್ಣಿಗೆ ಕಲಬುರಗಿಯಲ್ಲಿ ಹೀಗೆಯೇ ಚಿಕಿತ್ಸೆಯಾಯಿತು. ಮನೆಗೆ ಬಂದವರು ಮೊದಲು ಸೊಸೆಯನ್ನು ಆಕ್ಷೇಪಿಸಿದರು, ಗೋಡೆಯ ಸುಣ್ಣಕ್ಕೆ ನೀಲಿ ಹೆಚ್ಚು ಹಾಕಿದ್ದೀರೆಂದು. ಗೋಡೆಗೆ ಯಾರೂ ಸುಣ್ಣ ಹೊಡೆದಿರಲಿಲ್ಲ. ಬಳಿಕ ಸೀರೆಯನ್ನು ತರಿಸಿ, ಕಿಟಕಿಯ ಬಳಿ ಬಹಳ ಹೊತ್ತು ಹಿಡಿದುಕೊಂಡರು. “ಇದನ್ನ ನಾ ಕರೀ ಮಾಡಿದ್ನೇನು?” ಎಂದಷ್ಟೇ ಹೇಳಿದರು.

ಎಡಗಣ್ಣಿನ ಪೊರೆ ಇನ್ನೂ ಉಳಿದಿದೆ. ಇದು ಮೊಮ್ಮಗಳ ಪಾಲಿಗೆ ಸುಯೋಗವಾಗಿದೆ. ಅವಳು ನೋಟಪುಸ್ತಕದಲ್ಲಿ ಎರಡು ಅಂಕಣಗಳನ್ನು ಗೆರೆ ಎಳೆದು, ಒಂದೊಂದೇ ಬಣ್ಣವನ್ನು ತೋರಿಸಿ, ಮುತ್ಯಾ ಬಲಗಣ್ಣಿನಿಂದ ಹೇಳಿದುದನ್ನೂ ಎಡಗಣ್ಣಿನಿಂದ ಹೇಳಿದುದನ್ನೂ ಬರೆದುಕೊಳ್ಳುತ್ತಾಳೆ. ತೊಗರಿಯ ಹೂವಿನ ಹಳದಿ ಎರಡರಲ್ಲಿಯೂ ಹಳದಿಯೇ. ನೇರಳೆ ಒಂದರಲ್ಲಿ ನೇರಳೆ, ಇನ್ನೊಂದರಲ್ಲಿ ಕಂದು. ಬೆಲೆಯುಳ್ಳ ಉಪಕರಣಗಳಿಲ್ಲದೆ ನಡೆದಿರುವ ಈ ಪ್ರಯೋಗವನ್ನು ನಾನು ನನ್ನ ತರಗತಿಯಲ್ಲಿ ಹೇಳುತ್ತಿರುತ್ತೇನೆ. ಎರಡನೆಯ ಕಣ್ಣಿಗೆ ಚಿಕಿತ್ಸೆಯಾಗುವ ಮೊದಲು ಪಟ್ಟಿ ಮುಗಿಯಬೇಕೆಂದು ಅವಳ ಅವಸರ.

ಚಿತ್ರದ ಸೀರೆಗೆ ಈಗ ನೀಲಿ ಬಂದಿದೆ. ಮುಖವನ್ನು ಮಾತ್ರ ದೊಡ್ಡಪ್ಪ ತಿದ್ದಲಿಲ್ಲ, ತಿದ್ದುವಂಥದೇನೂ ಅಲ್ಲಿರಲಿಲ್ಲ.

ಜಗತ್ತಿನಲ್ಲಿ ಕುರುಡುತನಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಇಂದಿಗೂ ಪೊರೆಯೇ. ವಿದ್ಯಾರ್ಥಿ ಮಿತ್ರರೆ, ನಿಮ್ಮ ಮನೆಯಲ್ಲಿ ಹೊಲಿಗೆಯನ್ನೋ ಓದನ್ನೋ ಬರವಣಿಗೆಯನ್ನೋ “ಇನ್ನು ಆಗದು” ಎಂದು ಬಿಟ್ಟ ಹಿರಿಯರಿರಬಹುದು. ಒಂದು ಗಾಢನೀಲಿ ದಾರವನ್ನೂ ಒಂದು ಕರಿಯ ದಾರವನ್ನೂ ಕಿಟಕಿಯ ಬೆಳಕಿನಲ್ಲಿ ಅವರ ಮುಂದೆ ಹಿಡಿದು, ಒಂದೊಂದೇ ಕಣ್ಣನ್ನು ಮುಚ್ಚಿಸಿ, ಯಾವುದು ಯಾವುದೆಂದು ಕೇಳಿರಿ. ಇದು ವೈದ್ಯರ ಪರೀಕ್ಷೆಗೆ ಬದಲಲ್ಲ. ಅವರು ತಡವರಿಸದಿದ್ದರೆ ಕಣ್ಣು ನಿರ್ದೋಷಿಯೆಂದೂ ಅರ್ಥವಲ್ಲ. ತಡವರಿಸಿದರೆ ಮಾತ್ರ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಲು ಐದು ವರ್ಷ ಕಾಯಬೇಡಿರಿ.